ಪುಷ್ಪಕದ ಕಿಟಕಿಯಿಂದ

ಕಾಳಿದಾಸನ ರಘುವಂಶದಲ್ಲಿ ನನಗೆ ಅಚ್ಚುಮೆಚ್ಚಿನದು 13ನೆಯ ಸರ್ಗ. ಯುದ್ಧ ಮುಗಿದಿದೆ, 14 ವರ್ಷಗಳ ವನವಾಸ ತೀರಿದೆ, ರಾಮ ಸೀತೆಯರು ಪುಷ್ಪಕವಿಮಾನದಲ್ಲಿ ಕುಳಿತು ಲಂಕೆಯಿಂದ ಅಯೋಧ್ಯೆಗೆ ಹೊರಟಿದ್ದಾರೆ. ಕೆಳಗೆ ಸರಿಯುವ ಒಂದೊಂದೇ ಜಾಗವನ್ನು ರಾಮ ಹೆಂಡತಿಗೆ ತೋರಿಸುತ್ತ ಹೋಗುತ್ತಾನೆ. ಕಥೆ ಎಂಬುದು ಇಷ್ಟೇ. ಎರಡನೆಯ ಶ್ಲೋಕಕ್ಕೆ ಶುರುವಾದ ಅವನ ಮಾತು ಅರವತ್ತು ದಾಟಿದರೂ ನಿಲ್ಲುವುದಿಲ್ಲ. ನಿಲ್ಲಬಾರದೆಂದು ನನಗೂ ಅನ್ನಿಸುತ್ತಿರುತ್ತದೆ.

ಮೊದಲು ಕಡಲು. ತಾನು ಕಟ್ಟಿಸಿದ ಸೇತುವೆ ಇಬ್ಭಾಗ ಮಾಡಿದ ನೊರೆನೊರೆ ನೀರನ್ನು ಕಂಡು ಅವನಿಗೆ ಶರತ್ಕಾಲದ ನಿರ್ಮಲ ಬಾನೂ ಅದನ್ನು ಸೀಳಿ ಹೋಗುವ ಚುಕ್ಕಿಗಳ ಹಾದಿಯೂ ನೆನಪಾಗುತ್ತವೆ. ಅಷ್ಟು ದೊಡ್ಡದನ್ನು ಹೇಳಿದ ಕಣ್ಣೇ ಎಷ್ಟು ಸಣ್ಣದಕ್ಕೆ ಇಳಿಯುತ್ತದೆ ನೋಡಿ. ಅಳಿವೆಯಲ್ಲಿ ತಿಮಿಗಳು ಬಾಯಿ ತೆರೆದು ಜೀವಜಂತುಗಳ ಸಮೇತ ನೀರು ತುಂಬಿಕೊಂಡು, ಬಾಯಿ ಮುಚ್ಚಿ, ನೆತ್ತಿಯ ರಂಧ್ರದಿಂದ ಧಾರೆಯನ್ನು ಮೇಲಕ್ಕೆ ಚಿಮ್ಮಿಸುತ್ತವೆ. ತೀರದ ಗಾಳಿ ಕುಡಿಯಲು ಬಂದ ಹಾವುಗಳಿಗೂ ಅಲೆಗಳಿಗೂ ವ್ಯತ್ಯಾಸವೇ ತಿಳಿಯದು, ಹೆಡೆಯ ಮಣಿ ಬಿಸಿಲಿಗೆ ಮಿಂಚಿದರೆ ಮಾತ್ರ ಗೊತ್ತು. ಅಲೆಯ ರಭಸಕ್ಕೆ ಹವಳದ ಮೊನೆಗೆ ಸಿಕ್ಕಿಕೊಂಡ ಶಂಖಗಳು ಹೇಗೋ ಹೆಣಗಿ ಬಿಡಿಸಿಕೊಳ್ಳುತ್ತವೆ. ದೂರದಲ್ಲಿ ತಮಾಲ, ತಾಳೆಗಳ ಕಪ್ಪು ಕರಾವಳಿ, ಕಬ್ಬಿಣದ ಚಕ್ರದ ಅಂಚಿಗೆ ಕಟ್ಟಿದ ಕರೆಯಷ್ಟು ತೆಳ್ಳಗೆ. ಎತ್ತರದಿಂದ ಕಂಡ ಕರಾವಳಿಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಓದಿಲ್ಲ. ಹೇಳಿದವನು ಮುಗಿಲಿನ ಮೇಲಿಂದ ನೆಲ ನೋಡಿದವನೂ ಅಲ್ಲ!

ವಿಮಾನ ಒಮ್ಮೆ ದೇವತೆಗಳ ದಾರಿಯಲ್ಲಿ, ಒಮ್ಮೆ ಮೋಡಗಳ ದಾರಿಯಲ್ಲಿ, ಒಮ್ಮೆ ಹಕ್ಕಿಗಳ ದಾರಿಯಲ್ಲಿ ಸಾಗುತ್ತದೆ. ಹಾಗೆ ಮೋಡಗಳ ನಡುವೆ ಹೋಗುವಾಗ ಸೀತೆ ಕುತೂಹಲ ತಡೆಯಲಾರದೆ ಕಿಟಕಿಯಿಂದ ಕೈ ಹೊರಗೆ ಚಾಚುತ್ತಾಳೆ. ಮೋಡವನ್ನು ಮುಟ್ಟುತ್ತಾಳೆ. ಮುಟ್ಟಿದ್ದೇ ತಡ, ಅದರ ಒಡಲೊಳಗಿಂದ ಒಂದು ಮಿಂಚು ಬಳುಕಿ ಬಂದು, ಬಳೆಯಿದ್ದ ಆ ಮಣಿಕಟ್ಟನ್ನು ಸುತ್ತುತ್ತದೆ, ಮೋಡವೇ ಅವಳಿಗೆ ಇನ್ನೊಂದು ಬಳೆ ತೊಡಿಸಿದ ಹಾಗೆ. ಈ ಶ್ಲೋಕಕ್ಕೆ ಬಂದಾಗಲೆಲ್ಲ ನಾನು ಪುಸ್ತಕವನ್ನು ತೊಡೆಯ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಅಶೋಕವನದಲ್ಲಿ ಅಷ್ಟು ಕಾಲ ಸೆರೆಯಿದ್ದವಳು ಕಿಟಕಿಯಾಚೆ ಕೈ ನೀಡಿದ್ದಾಳೆ. ಕವಿ ಸೆರೆಯ ಸುದ್ದಿ ಎತ್ತುವುದಿಲ್ಲ, ಬಿಡುಗಡೆಯ ಸುದ್ದಿಯನ್ನೂ ಎತ್ತುವುದಿಲ್ಲ. ಬರೀ ಕೈ, ಬರೀ ಮೋಡ.

ನೆಲದ ಮೇಲೆ ಬಂದ ಕೂಡಲೇ ರಾಮನ ದನಿ ಬದಲಾಗುತ್ತದೆ. ಭೂಪಟ ಹಿಡಿದು ಓದುವವರಿಗೆ ಇಲ್ಲಿ ಒಂದು ತಕರಾರು ಏಳಬಹುದು. ದಕ್ಷಿಣದಿಂದ ಹಾರಿಬರುವವರಿಗೆ ಮೊದಲು ಮಾಲ್ಯವಂತ, ಪಂಪೆ, ಆಮೇಲೆ ಗೋದಾವರಿಯ ಕಡೆಯ ಜನಸ್ಥಾನ ಸಿಗಬೇಕಲ್ಲ? ಕಾಳಿದಾಸ ಜನಸ್ಥಾನವನ್ನೇ ಮುಂದೆ ತಂದಿದ್ದಾನೆ. ನನಗಂತೂ ಇದೇ ಸರಿ. ರಾಮನ ಮನಸ್ಸು ಹಾರುತ್ತಿರುವುದು ಸೀತೆಯನ್ನು ಕಳೆದುಕೊಂಡ ಜಾಗದತ್ತ. ಹುಡುಕುತ್ತ ಹುಡುಕುತ್ತ ಅವಳ ಒಂಟಿ ಕಾಲಂದುಗೆ ಸಿಕ್ಕಿದ ಸ್ಥಳವನ್ನು ಅವನು ತೋರಿಸುತ್ತಾನೆ. ಅದು ದನಿ ಕಳೆದುಕೊಂಡು ಬಿದ್ದಿತ್ತು, ಅವಳ ಪಾದ ಅಗಲಿದ ದುಃಖಕ್ಕೆ ಮೂಕವಾಯಿತೋ ಎಂಬಂತೆ. ಬಳ್ಳಿಗಳಿಗೆ ಮಾತು ಬಾರದು, ಕೊಂಬೆ ಬಾಗಿಸಿ ಅವಳು ಹೋದ ದಿಕ್ಕು ತೋರಿದವು. ಜಿಂಕೆಗಳು ದರ್ಭೆಯ ಚಿಗುರು ಮರೆತು ರೆಪ್ಪೆಯೆತ್ತಿ ದಕ್ಷಿಣಕ್ಕೆ ನೋಡಿದವು.

ಆಮೇಲೆ ಮಾಲ್ಯವಂತ, ನಮ್ಮ ಹಂಪಿಯ ಮಾಲ್ಯವಂತ. ಅಲ್ಲಿನ ರಘುನಾಥನ ಗುಡಿಯನ್ನು ಕಂಡವರಿಗೆ ಗೊತ್ತು, ಗರ್ಭಗುಡಿ ದೊಡ್ಡದೊಂದು ಬಂಡೆಯನ್ನೇ ಒಳಗೊಂಡಿದೆ, ಬಂಡೆಯ ನೆತ್ತಿ ಚಾವಣಿ ದಾಟಿ ಮೇಲೆದ್ದಿದೆ. ರಾಮಲಕ್ಷ್ಮಣರು ಮಳೆಗಾಲ ಕಳೆದದ್ದು ಇಲ್ಲೇ ಎಂದು ಊರವರ ನಂಬಿಕೆ. ಈ ಶಿಖರದ ಮೇಲೆ ಮೋಡದ ಹೊಸ ನೀರೂ ತನ್ನ ಕಣ್ಣೀರೂ ಒಟ್ಟಿಗೇ ಬಿದ್ದವು ಎನ್ನುತ್ತಾನೆ ರಾಮ. ಮಳೆ ಹೊಡೆದ ಕೆರೆಗಳ ವಾಸನೆ, ಅರೆಬಿರಿದ ಕದಂಬ, ನವಿಲಿನ ಇಂಪಾದ ಕೂಗು ಯಾವುದೂ ಅವಳಿಲ್ಲದೆ ಸಹಿಸಲಾಗಲಿಲ್ಲವಂತೆ. ಪಂಪೆಯ ದಡದಲ್ಲಿ ಹೂಗೊಂಚಲಿಗೆ ಬಾಗಿದ್ದ ಎಳೆಯ ಅಶೋಕವನ್ನು ಅವಳೇ ಎಂದು ತಿಳಿದು ತಬ್ಬಿಕೊಳ್ಳಹೋದದ್ದು, ಕಣ್ಣೀರಿಡುತ್ತಿದ್ದ ತನ್ನನ್ನು ಲಕ್ಷ್ಮಣ ತಡೆದದ್ದು, ಅದನ್ನೂ ಮುಚ್ಚಿಡುವುದಿಲ್ಲ.

ಈ ಸರ್ಗದ ರುಚಿ ಪೂರ್ತಿ ಸಿಗಬೇಕಾದರೆ ಹಿಂದಿನ ಸರ್ಗವನ್ನು ಒಮ್ಮೆ ತಿರುಗಿಸಬೇಕು. ಅಲ್ಲಿ ಪಟ್ಟಾಭಿಷೇಕಕ್ಕೆಂದು ಪಟ್ಟೆ ಉಟ್ಟಾಗಲೂ ಕಾಡಿಗೆಂದು ನಾರುಮಡಿ ಉಟ್ಟಾಗಲೂ ರಾಮನ ಮುಖದ ಬಣ್ಣ ಒಂದೇ ಆಗಿತ್ತು, ಜನ ಬೆರಗಾದರು. ಕದಡದ ಮನುಷ್ಯ! ದೊಡ್ಡ ಗುಣವೇ ಸರಿ, ಆದರೆ ಸ್ವಲ್ಪ ದೂರದ ಗುಣ. ಕಾಡು ಅಲೆದು ಬಂದ ಮೇಲಿನ ಈ ರಾಮ ಎಲ್ಲಿ ಅತ್ತೆ, ಎಲ್ಲಿ ಬುದ್ಧಿ ತಪ್ಪಿದೆ ಎಂದು ಬೆರಳು ಮಾಡಿ ತೋರಿಸಬಲ್ಲ. ವಾಲ್ಮೀಕಿಯ ರಾಮ ಇದೇ ಪ್ರಯಾಣದಲ್ಲಿ ರಣಭೂಮಿಯಿಂದ ಶುರು ಮಾಡುತ್ತಾನೆ: ಇಲ್ಲಿ ರಾವಣ ಬಿದ್ದ, ಇಲ್ಲಿ ಕುಂಭಕರ್ಣ. ಕಾಳಿದಾಸನ ರಾಮನಿಗೆ ರಣಭೂಮಿ ತೋರಿಸುವ ಉಮೇದೇ ಇಲ್ಲ. ಗೆದ್ದ ಜಾಗಗಳನ್ನು ದಾಟಿ ಸೋತ ಜಾಗಗಳಲ್ಲಿ ತಂಗುತ್ತಾನೆ. ಇದು ಕಾಳಿದಾಸನ ಸೂಕ್ಷ್ಮ, ನಾನು ಇದಕ್ಕೆ ಮಾರುಹೋದವನು.

ಗೋದಾವರಿಗೆ ಬಂದ ಮೇಲೆ ನೆನಪು ಇಬ್ಬರದೂ ಆಗುತ್ತದೆ. ವಿಮಾನದ ಚಿನ್ನದ ಗೆಜ್ಜೆಯ ಸದ್ದಿಗೆ ಸಾರಸಗಳು ಎದುರ್ಗೊಳ್ಳುವಂತೆ ಮೇಲೇಳುತ್ತವೆ. ಪಂಚವಟಿಯಲ್ಲಿ ಅವಳು ಕೊಡದಿಂದ ನೀರೆರೆದು ಬೆಳೆಸಿದ ಮಾವಿನ ಸಸಿಗಳು. ಮುಖವೆತ್ತಿ ನೋಡುವ ಜಿಂಕೆಗಳು. ಬೇಟೆಯಾಡಿ ದಣಿದು ಬಂದು, ನದಿಯ ಗಾಳಿಗೆ, ಅವಳ ಮಡಿಲಲ್ಲಿ ತಲೆಯಿಟ್ಟು, ಬೆತ್ತದ ಪೊದೆಮನೆಯಲ್ಲಿ ನಿದ್ದೆಹೋದದ್ದು. ಮುಂದೆ ಪ್ರಯಾಗದಲ್ಲಿ ಗಂಗೆ ಯಮುನೆ ಬೆರೆಯುವುದನ್ನು ಹೇಳಲು ಮುತ್ತಿನ ನಡುವಣ ನೀಲ, ಬಿಳಿದಾವರೆಯ ಮಾಲೆಯ ಕನ್ನೈದಿಲೆ, ನೆರಳು ಬೆರೆತ ಬೆಳದಿಂಗಳು ಎಂದು ಉಪಮೆಗಳ ಸಾಲೇ ಬರುತ್ತದೆ. ಪಂಡಿತರು ತಲೆದೂಗುವುದು ಅಲ್ಲಿ. ನನಗೆ ಅಷ್ಟೆಲ್ಲ ವೈಭವಕ್ಕಿಂತ ಆ ಪೊದೆಮನೆಯ ನಿದ್ದೆ ಹೆಚ್ಚು.

ಇಷ್ಟರ ನಡುವೆ ಸೀತೆ? ಕಾಳಿದಾಸ ಅವಳಿಗೆ ಇಲ್ಲಿ ಒಂದು ಮಾತನ್ನೂ ಕೊಟ್ಟಿಲ್ಲ. ಗಂಡ ತನ್ನನ್ನು ಬಿಟ್ಟು ಬದುಕಿದ ಕಾಲದ ಕಥೆಯನ್ನು ಅವಳು ಕೇಳುತ್ತಾಳೆ, ಅವಳ ಕಥೆಯನ್ನು ಯಾರೂ ಕೇಳುವುದಿಲ್ಲ. ಆ ಕೊರತೆ ನನ್ನನ್ನು ವಾಲ್ಮೀಕಿಯತ್ತ ಕಳಿಸುತ್ತದೆ. ಅಲ್ಲಿ ಕಿಷ್ಕಿಂಧೆ ಕಂಡ ಕೂಡಲೇ ಸೀತೆ ಬಾಯಿ ಬಿಟ್ಟು ಕೇಳುತ್ತಾಳೆ, ತಾರೆಯನ್ನೂ ವಾನರರ ಹೆಂಡಿರನ್ನೂ ತನ್ನ ಜೊತೆ ಅಯೋಧ್ಯೆಗೆ ಕರೆದುಕೊಂಡು ಹೋಗೋಣವೆಂದು. ವಿಮಾನ ನಿಲ್ಲುತ್ತದೆ, ಹೆಂಗಸರೆಲ್ಲ ಸಿಂಗರಿಸಿಕೊಂಡು ಹತ್ತುತ್ತಾರೆ. ಒಂಟಿತನ ಅವಳಿಗೆ ಕಲಿಸಿದ್ದು ಇದನ್ನು: ಬೇರೆಯವರ ಯುದ್ಧ ಮುಗಿಯಲೆಂದು ಮನೆಯಲ್ಲಿ ಕಾದವರನ್ನು ಮರೆಯದಿರುವುದು.

ಮುಂದಿನ ಸರ್ಗದಲ್ಲಿ ಕಾಳಿದಾಸ ಇನ್ನೊಂದು ತುಣುಕು ಕೊಡುತ್ತಾನೆ. ಅಯೋಧ್ಯೆಯ ಚಿತ್ರಭರಿತ ಅರಮನೆಯಲ್ಲಿ ಕುಳಿತು ನೆನೆದರೆ ದಂಡಕದಲ್ಲಿ ಪಟ್ಟ ದುಃಖಗಳೂ ಇಬ್ಬರಿಗೂ ಸುಖವೇ ಆದವಂತೆ. ಸೀತೆ ಮತ್ತೆ ಕಾಡು ಸೇರುವುದು ಇನ್ನೆಷ್ಟು ಶ್ಲೋಕ ದೂರ ಎಂದು ಬಲ್ಲ ನಮಗೆ ಅದು ಗಂಟಲಲ್ಲಿ ಇಳಿಯುವುದು ಕಷ್ಟ. ನಾಟಕಕಾರ ಭವಭೂತಿಯೂ ಉತ್ತರರಾಮಚರಿತದ ಮೊದಲ ಅಂಕವನ್ನು ಇಂಥದೇ ಚಿತ್ರದರ್ಶನದ ಸುತ್ತ ಕಟ್ಟಿದ. ಅಲ್ಲಿಯ ಸೀತೆ ಚೆನ್ನಾಗಿ ಮಾತಾಡುತ್ತಾಳೆ, ಅಳುತ್ತಾಳೆ, ಕೀಟಲೆಯನ್ನೂ ಮಾಡುತ್ತಾಳೆ. ಮದುವೆಯ ಚಿತ್ರ ತೋರಿಸುವಾಗ ಲಕ್ಷ್ಮಣ ಎಲ್ಲ ಸೊಸೆಯರ ಹೆಸರು ಹೇಳಿ ತನ್ನ ಹೆಂಡತಿ ಊರ್ಮಿಳೆಯೊಬ್ಬಳನ್ನು ಬಿಟ್ಟುಬಿಡುತ್ತಾನೆ. ಸೀತೆ ಬಿಡುತ್ತಾಳೆಯೇ? ಏನೂ ಅರಿಯದವಳ ಹಾಗೆ, ಇನ್ನೊಬ್ಬಳು ಇದ್ದಾಳಲ್ಲ, ಅವಳು ಯಾರು ಎಂದು ಮೈದುನನನ್ನೇ ಕೇಳುತ್ತಾಳೆ. ಅವನು ನಾಚಿ, ನಗು ನುಂಗಿ, ಅವಸರದಲ್ಲಿ ಪರಶುರಾಮನತ್ತ ಬೆರಳು ತಿರುಗಿಸುತ್ತಾನೆ.