ಪಂಪಿನಲ್ಲಿ ಕೊಟ್ಟ ದುಡ್ಡು ಯಾರ ಪಾಲು?

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2023ರ ಜನವರಿಯಿಂದ ಶುದ್ಧ ಇಂಧನ ಕಾನೂನು ಜಾರಿಯಲ್ಲಿದೆ. ಪೆಟ್ರೋಲ್, ಡೀಸೆಲ್ ಮಾರುವ ಕಂಪನಿಗಳು ತಮ್ಮ ಇಂಧನದ ಇಂಗಾಲದ ಹೊರೆಯನ್ನು ವರ್ಷದಿಂದ ವರ್ಷಕ್ಕೆ ಇಳಿಸಬೇಕು. ಆಗದಿದ್ದರೆ ಇಳಿಸಿದವರಿಂದ ಕ್ರೆಡಿಟ್ ಕೊಂಡು ಲೆಕ್ಕ ಸರಿದೂಗಿಸಬೇಕು. ಒಂದು ಕ್ರೆಡಿಟ್ ಅಂದರೆ ತಪ್ಪಿಸಿದ ಒಂದು ಟನ್ ಇಂಗಾಲದ ಡೈ ಆಕ್ಸೈಡ್. ಸಿಯಾಟಲ್ ನಗರದ ಸ್ವಂತ ವಿದ್ಯುತ್ ಸಂಸ್ಥೆಯಾದ ಸಿಯಾಟಲ್ ಸಿಟಿ ಲೈಟ್ ಈ ಪೇಟೆಯಲ್ಲಿ ಮಾರುವವರ ಸಾಲಿನಲ್ಲಿದೆ. ಅದರ ಕರೆಂಟಿನಲ್ಲಿ ಬಹುಪಾಲು ಜಲವಿದ್ಯುತ್. ಸ್ಕ್ಯಾಜಿಟ್ ನದಿಯೊಂದಕ್ಕೇ ಅದರ ಮೂರು ಅಣೆಕಟ್ಟುಗಳಿವೆ. ಅಷ್ಟೇ ಶಕ್ತಿಯಲ್ಲಿ ಪೆಟ್ರೋಲ್ ಕಾರಿಗಿಂತ ವಿದ್ಯುತ್ ಕಾರು ಮೂರು ಪಟ್ಟಿಗೂ ಹೆಚ್ಚು ದೂರ ಓಡುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ, ಅಲ್ಲಿ ಕಾರಿಗೆ ತುಂಬಿಸಿದ ಸುಮಾರು ಒಂದು ಸಾವಿರ ಯೂನಿಟ್‌ಗೆ ಒಂದು ಕ್ರೆಡಿಟ್ ಹುಟ್ಟುತ್ತದೆ. ಮನೆಯಲ್ಲಿ ಚಾರ್ಜ್ ಮಾಡಿದ ಕಾರಿನ ಮೂಲ ಕ್ರೆಡಿಟ್ ಮಾಲೀಕರಿಗಲ್ಲ, ವಿದ್ಯುತ್ ಸಂಸ್ಥೆಗೆ ಸೇರುತ್ತದೆ. ಅದನ್ನು ಮಾರಿ ಬಂದ ಹಣದಿಂದ ವಿದ್ಯುತ್ ವಾಹನಗಳಿಗೆ ಬೆಂಬಲ ಕೊಡಬೇಕೆಂಬುದು ಕಾನೂನಿನ ಆಶಯ.

ಏರ್ಪಾಡು ಒಳ್ಳೆಯದೇ. ಆದರೆ ಈ ಹಣ ಎಲ್ಲಿಂದ ಬಂತು ಎಂಬುದನ್ನು ಮರೆತರೆ ಅದು ಅನ್ಯಾಯದ ಹಾದಿ ಹಿಡಿಯುತ್ತದೆ. ತೈಲ ಕಂಪನಿ ಕ್ರೆಡಿಟ್‌ಗೆ ಕೊಟ್ಟ ಬೆಲೆಯನ್ನು ತನ್ನ ಜೇಬಿನಿಂದ ಕೊಡುವುದಿಲ್ಲ. ಸಾಧ್ಯವಾದಷ್ಟನ್ನು ಪಂಪಿನ ದರಕ್ಕೆ ಸೇರಿಸುತ್ತದೆ. ಹೊಸ ವಿದ್ಯುತ್ ಕಾರು ಕೊಳ್ಳಲಾಗದೆ ಹಳೆಯ ಕಾರಿನಲ್ಲಿ ದೂರದ ಕೆಲಸಕ್ಕೆ ಹೋಗುವವರ ಮೇಲೆಯೇ ಅದರ ಭಾರ ಹೆಚ್ಚು. ಇದರಿಂದ ಬಂದ ಹಣವನ್ನು ಹೊಸ ಕಾರಿನ ರಿಯಾಯಿತಿಗೆ ಸುರಿದರೆ ಇಲ್ಲದವರಿಂದ ಇದ್ದವರಿಗೆ ಕೊಟ್ಟ ಹಾಗಾಗುತ್ತದೆ. ಕ್ಯಾಲಿಫೋರ್ನಿಯಾ ಈ ದಾರಿಯಲ್ಲಿ ನಡೆದು ನೋಡಿದೆ. 2020ರ ನವೆಂಬರ್‌ನಲ್ಲಿ ಅಲ್ಲಿನ ವಿದ್ಯುತ್ ಸಂಸ್ಥೆಗಳ ಕ್ರೆಡಿಟ್ ಹಣದಿಂದ ಹೊಸ ಕಾರಿಗೆ 1,500 ಡಾಲರ್‌ವರೆಗೆ ರಿಯಾಯಿತಿ ಶುರುವಾಯಿತು. ಆಮೇಲೆ ಅದು 750ಕ್ಕೆ ಇಳಿದು, 2022ರ ಸೆಪ್ಟೆಂಬರ್‌ನಲ್ಲಿ ನಿಂತೇಹೋಯಿತು. ಕ್ರೆಡಿಟ್ ಪೇಟೆಯನ್ನು ನೆಚ್ಚಿ ಕೂರುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2020ರ ಸುಮಾರಿಗೆ 200 ಡಾಲರ್ ಹತ್ತಿರವಿದ್ದ ಕ್ರೆಡಿಟ್ ದರ, ಜೈವಿಕ ಮೂಲದ ಡೀಸೆಲ್ ಹೇರಳವಾಗಿ ಬಂದು ಕ್ರೆಡಿಟ್‌ಗಳು ರಾಶಿ ಬಿದ್ದ ಮೇಲೆ, 2024ರಲ್ಲಿ 60 ಡಾಲರ್ ಆಸುಪಾಸಿಗೆ ಕುಸಿಯಿತು. ದರ ಬಿದ್ದ ವರ್ಷ ರಿಯಾಯಿತಿ ಮಾಯವಾಗುತ್ತದೆ. ದರ ಚೆನ್ನಾಗಿದ್ದಾಗ ಬೀದಿಯಲ್ಲಿ ನಿಲ್ಲಿಸಿದ ಚಾರ್ಜರ್ ಮಾತ್ರ ಅಲ್ಲೇ ಇದ್ದು ಕೆಲಸ ಮಾಡುತ್ತದೆ.

ಸಿಯಾಟಲ್‌ನ ಒಂದು ಕೆಲಸ ಇಲ್ಲಿ ಮುಖ್ಯವೆನಿಸುತ್ತದೆ. ಸ್ವಂತ ಪಾರ್ಕಿಂಗ್ ಇಲ್ಲದೆ ರಸ್ತೆ ಬದಿಯಲ್ಲೇ ಕಾರು ನಿಲ್ಲಿಸುವವರು ಕೋರಿಕೆ ಸಲ್ಲಿಸಬಹುದಾದ ಯೋಜನೆಯೊಂದನ್ನು ಸಿಟಿ ಲೈಟ್ ತಂದು, ಆಯ್ದ ಕಡೆಗಳಲ್ಲಿ ಫುಟ್‌ಪಾತಿನ ಅಂಚಿಗೇ ಚಾರ್ಜರ್ ಹಾಕಿತು. ಗ್ಯಾರೇಜ್ ಇರುವವರಿಗೆ ರಾತ್ರಿ ಮನೆಯಲ್ಲೇ ಅಗ್ಗದ ಕರೆಂಟು. ಬಾಡಿಗೆ ಅಪಾರ್ಟ್‌ಮೆಂಟಿನವರಿಗೆ ಪ್ಲಗ್ಗೇ ಇಲ್ಲ. ಸೆಕೆಂಡ್ ಹ್ಯಾಂಡ್ ವಿದ್ಯುತ್ ಕಾರು ಕೈಗೆಟುಕಿದರೂ ಚಾರ್ಜ್ ಮಾಡಲು ಜಾಗವಿಲ್ಲದಿದ್ದರೆ ಅವರು ಪೆಟ್ರೋಲಿಗೇ ಮರಳುತ್ತಾರೆ. ಕ್ರೆಡಿಟ್ ಹಣ ಮೊದಲು ತಲುಪಬೇಕಾದ್ದು ಇಂಥ ಬೀದಿ ಚಾರ್ಜರ್‌ಗಳಿಗೆ, ಇದರ ಜೊತೆಗೆ ಎಲ್ಲರೂ ಹತ್ತುವ ವಿದ್ಯುತ್ ಬಸ್ಸುಗಳಿಗೆ.

ಕ್ರೆಡಿಟ್ ಮಾರುವುದೆಂದರೆ ಹೊಗೆ ಬಿಡಲು ಪರವಾನಗಿ ಮಾರಿದಂತೆ ಎಂದು ಪರಿಸರವಾದಿಗಳಲ್ಲೇ ಕೆಲವರು ಆಕ್ಷೇಪಿಸುತ್ತಾರೆ. ಮಿತಿ ಸ್ಥಿರವಾಗಿದ್ದಿದ್ದರೆ ಈ ಮಾತಿಗೆ ನಾನೂ ತಲೆಬಾಗುತ್ತಿದ್ದೆ. ಆದರೆ ಪ್ರತಿವರ್ಷ ಬಿಗಿಯಾಗುವ ಮಿತಿಯೆದುರು ಈ ಪರವಾನಗಿ ಕುಗ್ಗುತ್ತಲೇ ಹೋಗುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ರಿಯಾಯಿತಿ ಕೊಟ್ಟರೆ ಕಾರುಗಳು ಬೇಗ ಹೆಚ್ಚುತ್ತವೆ, ಗಾಳಿ ಎಲ್ಲರಿಗೂ ಶುದ್ಧವಾಗುತ್ತದೆ, ಯಾರ ಕೈಗೆ ಹಣ ಹೋಯಿತೆಂದು ಎಣಿಸುವುದೇಕೆ? ಹೇಗಿದ್ದರೂ ಕಾರು ಕೊಳ್ಳಲಿದ್ದವರಿಗೆ ಕೊಟ್ಟ ಹಣದಿಂದ ಒಂದು ಕಾರೂ ಹೆಚ್ಚುವುದಿಲ್ಲ, ಅದಕ್ಕೇ ಎಣಿಸಬೇಕು. ವಾಷಿಂಗ್ಟನ್ ಕಾನೂನು ಇದನ್ನು ಕೊಂಚ ಮಟ್ಟಿಗೆ ಅರಿತಿದೆ: ಕ್ರೆಡಿಟ್ ಆದಾಯದ ಅರ್ಧ ಸಾರಿಗೆಯ ವಿದ್ಯುದೀಕರಣಕ್ಕೆ, ಅದರಲ್ಲಿ ಶೇ. 60ರಷ್ಟು ಮಾಲಿನ್ಯದ ಪೆಟ್ಟು ತಿಂದ ಪ್ರದೇಶಗಳಿಗೆ ಎಂದು ವಿಧಿಸಿದೆ. ಶೇ. 60 ಕೆಳಮಿತಿಯಾಗಬೇಕೇ ಹೊರತು ಗುರಿಯಾಗಬಾರದು. ನಗರದ ಸಂಸ್ಥೆ ವರ್ಷಕ್ಕೊಮ್ಮೆ ಎಷ್ಟು ಕ್ರೆಡಿಟ್ ಮಾರಿತು, ಯಾವ ದರಕ್ಕೆ ಮಾರಿತು, ಆ ಹಣದಲ್ಲಿ ಯಾವ ಬೀದಿಯಲ್ಲಿ ಎಷ್ಟು ಚಾರ್ಜರ್ ಹಾಕಿತು ಎಂಬ ಲೆಕ್ಕವನ್ನು ಪೆಟ್ರೋಲ್ ಹಾಕಿಸುವವರಿಗೂ ಅರ್ಥವಾಗುವ ಹಾಗೆ ಮುಂದಿಡಬೇಕು.