ಚೌಕಟ್ಟಿನ ತವರು

ಕಳೆದ ವಾರದ ಬರಹದ ಕೊನೆಯಲ್ಲಿ, ಈ ವಾರ ಸೈಕಲ್ಲಿನ ಗೇರಿನ ಹಲ್ಲುಗಳ ಲೆಕ್ಕವನ್ನು ಕೈಗೆತ್ತಿಕೊಳ್ಳುವೆನೆಂದು ವಾಚಕರಿಗೆ ಮಾತು ಕೊಟ್ಟಿದ್ದೆನು. ಆ ಋಣವನ್ನು ಒಂದೇ ವಾಕ್ಯದಲ್ಲಿ ತೀರಿಸಿಬಿಡುತ್ತೇನೆ. ನಂದಿಬೆಟ್ಟವನ್ನು ಹತ್ತಬೇಕೆಂಬ ಸಂಕಲ್ಪವುಳ್ಳವರು ಮುಂದಿನ ಚಿಕ್ಕ ಚೈನ್‌ವೀಲಿಗೆ 34 ಹಲ್ಲು, ಹಿಂದಿನ ಅತ್ಯಂತ ದೊಡ್ಡ ಬಿಲ್ಲೆಗೆ ಕನಿಷ್ಠಪಕ್ಷ 32 ಹಲ್ಲು ಇರುವ ಜೋಡಣೆಯನ್ನೇ ಕೇಳಿ ಪಡೆಯತಕ್ಕದ್ದು. ಅದಿಲ್ಲದ ರೋಡ್ ಬೈಕು ಎಷ್ಟೇ ಬೆಲೆಬಾಳುವಂಥದಾದರೂ ಮೇಲಿನ ತಿರುವುಗಳಲ್ಲಿ ಮಂಡಿಯನ್ನು ದಂಡಿಸದೆ ಬಿಡದು. ಉಳಿದ ಲೆಕ್ಕವನ್ನು ಮುಂದೂಡುವಂತೆ ಮಾಡಿದ್ದು, ಕಳೆದ ಭಾನುವಾರ ಮುದ್ದೇನಹಳ್ಳಿಯಲ್ಲಿ ಶಿಡ್ಲಘಟ್ಟದ ತರುಣನೊಬ್ಬನು ಕೇಳಿದ ಪ್ರಶ್ನೆ.

ಬೆಟ್ಟವಿಳಿದು, ನಂದಿ ಗ್ರಾಮದ ಭೋಗನಂದೀಶ್ವರನಿಗೆ ಹೊರಗಿನಿಂದಲೇ ಕೈಮುಗಿದು, ದ್ರಾಕ್ಷಿಯ ಚಪ್ಪರಗಳ ನಡುವಣ ದಾರಿಯಲ್ಲಿ ಸಾಗಿ, ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಸಮಾಧಿಯ ಬಳಿ ನೆರಳು ಹಿಡಿದು ಕುಳಿತು ನೀರು ಕುಡಿಯುವುದು ನನ್ನ ಬಹುಕಾಲದ ವಾಡಿಕೆ. ಅಲ್ಲಿಗೆ ಬಂದ ಆ ಹುಡುಗನು ನನ್ನ ಬೈಕನ್ನು ಬಹಳ ಹೊತ್ತು ಸುತ್ತಿ ನೋಡಿ, ಕಡೆಗೆ ಸಂಕೋಚ ಬಿಟ್ಟು ಕೇಳಿದನು:

“ಸಾರ್, ನಮ್ಮಪ್ಪ ರೀಲರು. ಗೂಡು ಕೊಳ್ಳೋವಾಗ ಮೊದಲು ಕೇಳೋದು, ಯಾವ ಊರಿಂದು ಅಂತ. ನಾನು ಸೈಕಲ್ ಅಂಗಡೀಲಿ, ಇದು ಎಲ್ಲಿ ಮಾಡಿದ್ದು ಅಂದ್ರೆ, ಬ್ರ್ಯಾಂಡ್ ನೋಡಪ್ಪ, ಅದೆಲ್ಲಾ ಯಾಕೆ ನಿಂಗೆ ಅಂದುಬಿಟ್ರು. ನಾನು ಕೇಳಿದ್ದು ತಪ್ಪಾ ಸಾರ್?”

ತಪ್ಪಲ್ಲ, ಅಂಗಡಿಯ ಹೊಸ್ತಿಲು ದಾಟಿದವನು ಕೇಳಬೇಕಾದ ಪ್ರಶ್ನೆಗಳಲ್ಲಿ ಅದು ಮೊದಲನೆಯದು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬೆಳಗಿನ ಹೊತ್ತು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೂಡಿನಿಂದ ನೂಲು ತೆಗೆಯುವ ರೀಲರಾದವನು ರಾಶಿಯೊಳಕ್ಕೆ ಮಣಿಕಟ್ಟಿನವರೆಗೆ ಕೈಯಿಳಿಸಿ, ಮೇಲಿನ ಗೂಡನ್ನಲ್ಲ, ತಳದ ಗೂಡನ್ನು ಎತ್ತುತ್ತಾನೆ. ಹೆಬ್ಬೆರಳಿನಿಂದ ಅದುಮಿ ಗಡಸನ್ನು ನೋಡುತ್ತಾನೆ. ಕಿವಿಯ ಬಳಿ ಅಲುಗಿಸಿ ಒಳಗಿನ ಹುಳುವಿನ ಸದ್ದನ್ನು ಆಲಿಸುತ್ತಾನೆ. ಅಷ್ಟಾದ ಮೇಲೂ ಊರನ್ನು ಕೇಳುತ್ತಾನೆ. ಊರಿನ ಹೆಸರು ಅವನಿಗೆ ಅಭಿಮಾನದ ವಿಷಯವಲ್ಲ. ಅಲ್ಲಿಯ ನೀರು, ಸೊಪ್ಪು, ಹುಳುಮನೆಯ ಶುಚಿ, ಸಾಕುವವರ ಶ್ರದ್ಧೆ, ಇವೆಲ್ಲವೂ ಆ ಒಂದು ಹೆಸರಿನಲ್ಲಿ ಅಡಗಿವೆ.

ಬೈಕಿನ ವಿಷಯದಲ್ಲಿ ಊರನ್ನು ಅರಿಯುವುದು ಅಷ್ಟು ಸುಲಭವಲ್ಲವೆಂಬುದು ನಿಜ. ಇಟಲಿಯ ಹೆಸರನ್ನು ಹೊತ್ತ ಅನೇಕ ಕಾರ್ಬನ್ ಚೌಕಟ್ಟುಗಳು ಏಷ್ಯಾದಲ್ಲಿ ಹುಟ್ಟುತ್ತವೆ. 1921ರಲ್ಲಿ ಜಪಾನಿನ ಸಕಾಯ್ ಪಟ್ಟಣದಲ್ಲಿ ಆರಂಭವಾದ ಶಿಮಾನೊ ಕಂಪನಿಯ ಗೇರುಗಳು ಈಗ ಜಪಾನಿನ ಹೊರಗೂ ತಯಾರಾಗುತ್ತವೆ. ಆದಕಾರಣ ನಾನು ತವರು ಎನ್ನುವುದು ಹೆಸರಿನ ಬಿಲ್ಲೆಯ ಮೇಲಿರುವ ದೇಶವನ್ನಲ್ಲ, ಚೌಕಟ್ಟನ್ನು ಬೆಸೆದ, ಅಥವಾ ಅಚ್ಚಿನಲ್ಲಿ ಕೂರಿಸಿದ ಕಾರ್ಖಾನೆಯನ್ನು. ಕಾರ್ಬನ್ ಚೌಕಟ್ಟೆಂದರೆ, ರಾಳದಲ್ಲಿ ನೆನೆದ ಎಳೆಗಳ ಹಾಳೆಗಳನ್ನು ಯಾವ ಪದರಕ್ಕೆ ಯಾವ ದಿಕ್ಕು ಎಂಬ ನಿಯಮದಂತೆ ಕೈಯಿಂದಲೇ ಒಂದರ ಮೇಲೊಂದು ಹಾಸಿ, ಅಚ್ಚಿನಲ್ಲಿ ಒತ್ತಿ, ಕಾಯಿಸಿ ಗಟ್ಟಿಮಾಡಿದ ವಸ್ತು. ಒಂದು ಪದರ ಒಳಗೆ ಸುಕ್ಕುಗಟ್ಟಿದರೆ ಹೊರಗಿನ ಬಣ್ಣ ಅದನ್ನು ಮುಚ್ಚಿಬಿಡುತ್ತದೆ. ಕಣ್ಣಿಗೆ ಕಾಣದ ಈ ಕೆಲಸಕ್ಕೆ ಆ ಕೈಗಳ ಅಭ್ಯಾಸ ಮತ್ತು ಪರೀಕ್ಷಕನ ನಿಷ್ಠುರತೆಗಳಲ್ಲದೆ ಬೇರೆ ಜಾಮೀನಿಲ್ಲ.

ಈ ಪಾಠವನ್ನು ನಾನು ಕಲಿತದ್ದು ನಷ್ಟದಿಂದ. ಕೆಲವು ವರ್ಷಗಳ ಹಿಂದೆ, ಬೆಲೆ ಕಡಿಮೆ, ತೂಕ ಇನ್ನೂ ಕಡಿಮೆ ಎಂಬ ಆಸೆಗೆ ಒಳಗಾಗಿ, ಊರು ಪೇರಿಲ್ಲದ ಕಾರ್ಬನ್ ಚೌಕಟ್ಟೊಂದನ್ನು ತರಿಸಿಕೊಂಡೆನು. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಸೀಟಿನ ಕೊಳವೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ನಾಣ್ಯದಿಂದ ತಟ್ಟಿದರೆ ಉಳಿದೆಡೆ ಟಣ್ ಎನ್ನುತ್ತಿದ್ದುದು ಅಲ್ಲಿ ಮಾತ್ರ ಮಂಕಾಗಿ ಡಬ್ ಎಂದಿತು. ಮಾರಿದವರನ್ನು ವಿಚಾರಿಸಿದರೆ, ಅದನ್ನು ಯಾವ ಕಾರ್ಖಾನೆ ಮಾಡಿತೆಂಬುದು ಅವರಿಗೇ ತಿಳಿಯದು. ಅಂದು ನನ್ನನ್ನು ಬಾಧಿಸಿದ್ದು ಹಣ ಹೋದ ದುಃಖಕ್ಕಿಂತ ಹೆಚ್ಚಾಗಿ, ಆ ವಸ್ತುವಿನ ಪರವಾಗಿ ಉತ್ತರ ಕೊಡಬಲ್ಲವರು ಭೂಮಿಯ ಮೇಲೆ ಒಬ್ಬರೂ ಇಲ್ಲವೆಂಬ ಅರಿವು.

ಇಲ್ಲಿ ತೂಕದ ಪಂಥದವರೊಡನೆ ನನ್ನ ಹಳೆಯ ವ್ಯಾಜ್ಯವನ್ನು ಮತ್ತೆ ಎತ್ತಲೇಬೇಕಾಗಿದೆ. ಬೈಕನ್ನು ತಕ್ಕಡಿಗೆ ತೂಗುಹಾಕಿ, ಕಂಡ ಅಂಕಿಯನ್ನೇ ಗುಣವೆಂದು ಸಾರುವ ಈ ಮಹನೀಯರು ಒಂದು ಸಣ್ಣ ಗಣಿತವನ್ನು ಮಾಡಿ ನೋಡಬೇಕು. ಸವಾರ, ಬೈಕು, ನೀರು ಎಲ್ಲ ಸೇರಿ 80 ಕಿಲೋ ಎಂದಿಟ್ಟುಕೊಂಡರೆ, ಬೈಕಿನಲ್ಲಿ ಒಂದು ಕಿಲೋ ತಗ್ಗಿಸಿದ್ದರಿಂದ ನಂದಿಯ ನಲವತ್ತು ನಿಮಿಷದ ಏರಿನಲ್ಲಿ ಉಳಿಯುವುದು ಹೆಚ್ಚೆಂದರೆ ಅರ್ಧ ನಿಮಿಷ. ಜಗತ್ತಿನ ಶ್ರೇಷ್ಠ ಸವಾರರಿಗೇ 6.8 ಕಿಲೋಗಿಂತ ಹಗುರವಾದ ಬೈಕನ್ನು ಪಂದ್ಯದಲ್ಲಿ ಬಳಸಲು ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆಯ ಅನುಮತಿಯಿಲ್ಲ. ಆ ಅರ್ಧ ನಿಮಿಷಕ್ಕಾಗಿ ತವರಿಲ್ಲದ ಚೌಕಟ್ಟಿನ ಮೇಲೆ ಕುಳಿತು ಅದೇ ತಿರುವುಗಳಲ್ಲಿ ಇಳಿಯುವ ಸಾಹಸವನ್ನು ನಾನು ಯಾರಿಗೂ ಹೇಳಿಕೊಡಲಾರೆ.

ಹುಡುಗನಿಗೆ ನಾನು ಹೇಳಿದ್ದು ತೈವಾನಿನ ಕಥೆಯನ್ನು. 1972ರಲ್ಲಿ ಸ್ಥಾಪಿತವಾದ ಜೈಂಟ್ ಕಂಪನಿಯು ಮೊದಲು ಮಾಡುತ್ತಿದ್ದುದು ಪರರ ಹೆಸರಿನ ಸೈಕಲ್ಲುಗಳನ್ನು. 1980ರಲ್ಲಿ ಅಮೆರಿಕದ ಶ್ವಿನ್ ಕಂಪನಿಯ ಷಿಕಾಗೋ ಕಾರ್ಖಾನೆಯಲ್ಲಿ ಕಾರ್ಮಿಕರು ಮುಷ್ಕರ ಹೂಡಿದಾಗ, ಶ್ವಿನ್ ತನ್ನ ಬೇಡಿಕೆಯನ್ನು ಜೈಂಟಿನತ್ತ ತಿರುಗಿಸಿ, ತನ್ನ ತಂತ್ರಜ್ಞಾನವನ್ನೂ ಅದರ ಜೊತೆಗೇ ಕಳುಹಿಸಿತು. ವರುಷ ವರುಷವೂ ಬೇಡಿಕೆ ಹೋದ ಊರಿಗೆ ಕೈಗಳ ಬಳಕೆಯೂ ಹೋಯಿತು, ಕೊಳವೆ ಮಾಡುವವರು, ಬಣ್ಣ ಹಚ್ಚುವವರು, ಪೆಡಲು ಮಾಡುವವರು ಸುತ್ತಲೂ ನೆಲಸಿದರು. 1992ರಲ್ಲಿ ಶ್ವಿನ್ ದಿವಾಳಿಯಾಯಿತು. ಜೈಂಟ್ ಅಷ್ಟರಲ್ಲಿ ಸ್ವಂತ ಹೆಸರಿನಿಂದ ಯೂರೋಪಿನ ಅಂಗಡಿಗಳನ್ನು ಹೊಕ್ಕಿತ್ತು. ಇಂದು ತೈಚುಂಗ್ ಸೀಮೆಯ ಚೌಕಟ್ಟೆಂದರೆ, ಬಲ್ಲವರು ನಮ್ಮ ರೀಲರು ಒಳ್ಳೆಯ ಊರಿನ ಗೂಡನ್ನು ಕಂಡಂತೆ ತಲೆದೂಗುತ್ತಾರೆ.

ಇಷ್ಟು ಹೇಳುವಾಗ ನನ್ನ ಮನಸ್ಸು ಎದುರಿಗಿದ್ದ ಸಮಾಧಿಯತ್ತ ಹೋಯಿತು. ಬೈಕನ್ನು ಬಿಟ್ಟು ವಿಶ್ವೇಶ್ವರಯ್ಯನವರ ಮಾತನ್ನೇ ಎತ್ತಿಕೊಂಡೆ. ನಾನು ಮತ್ತೆ ಮತ್ತೆ ಓದುವ ಪುಸ್ತಕಗಳಲ್ಲಿ ವಿಶ್ವೇಶ್ವರಯ್ಯನವರು 1951ರಲ್ಲಿ ಹೊರತಂದ ಇಂಗ್ಲಿಷ್ ಆತ್ಮವೃತ್ತಾಂತವೂ ಒಂದು. ಅಲಂಕಾರವಿಲ್ಲದ, ವರದಿಯಂತೆ ನಡೆಯುವ, ಆದರೆ ಒಂದು ಸಾಲೂ ಅಳತೆ ತಪ್ಪದ ಗದ್ಯ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸವಾರಂಭಿಸಿದ ಮೇಲೆ ಅದರ ಹೊಣೆಯನ್ನು ಹೊತ್ತು ವರ್ಷಗಟ್ಟಲೆ ದುಡಿದ ಆ ಹಿರಿಯರು, ಎಪ್ಪತ್ತು ದಾಟಿದ ಪ್ರಾಯದಲ್ಲಿ, ಭಾರತದಲ್ಲೇ ಮೋಟಾರುಗಾಡಿಗಳನ್ನು ತಯಾರಿಸಬೇಕೆಂಬ ಹಂಬಲದಿಂದ 1935ರಲ್ಲಿ ಯೂರೋಪು ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದರು. ಅದೇ ವರ್ಷ ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿಯು, ಸೈಕಲ್ ಪ್ರಿಯರು ಇಂದಿಗೂ ಭಕ್ತಿಯಿಂದ ಉಚ್ಚರಿಸುವ 531 ಎಂಬ ಮ್ಯಾಂಗನೀಸ್-ಮಾಲಿಬ್ಡಿನಂ ಉಕ್ಕಿನ ಕೊಳವೆಯನ್ನು ಹೊರತಂದಿತು. ತುದಿಗಳಲ್ಲಿ ದಪ್ಪ, ನಡುವೆ ತೆಳುವಾದ ಕೊಳವೆಗೆ ಅದರ ಹಿರಿಯರು 1897ರಲ್ಲೇ ಪೇಟೆಂಟು ಪಡೆದಿದ್ದರು. ಅಲ್ಲಿ ನಲವತ್ತು ವರ್ಷದ ಕೈಬಳಕೆ ಫಲ ಕೊಡುತ್ತಿದ್ದಾಗ, ಇಲ್ಲಿ ಮೊದಲ ಸಸಿ ನೆಡಲೂ ಅಪ್ಪಣೆ ಬೇಕಾಗಿತ್ತು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಜೊತೆಗೂಡಿದರೂ ಅಂದಿನ ಭಾರತ ಸರ್ಕಾರದ ಬೆಂಬಲ ದೊರೆಯದೆ ಬೆಂಗಳೂರಿನ ಮೋಟಾರು ಕಾರ್ಖಾನೆ ಕಾಗದದಲ್ಲೇ ಉಳಿಯಿತು. ವಾಲ್‌ಚಂದರು 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನೇನೋ ಕಟ್ಟಿದರು. ಅವರ ಮೋಟಾರು ಕಂಪನಿ 1944ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲಿ. ಕಳೆದುಹೋದ ಆ ವರ್ಷಗಳನ್ನು ನೆನೆದಾಗಲೆಲ್ಲ ನನಗೆ ವ್ಯಥೆಯಾಗುತ್ತದೆ.

ಸೈಕಲ್ಲಿಗೆ ಅಂಥ ತಡೆಯಿರಲಿಲ್ಲ. ಅಂಬತ್ತೂರಿನ ಟಿಐ ಸೈಕಲ್ ಕಂಪನಿ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ ಆರಂಭವಾದವು. ನಮ್ಮ ಸೀಮೆಯಲ್ಲಿ ಆಳೆತ್ತರದ ಸೊಪ್ಪಿನ ಹೊರೆಯನ್ನೂ ಹಾಲಿನ ಕ್ಯಾನನ್ನೂ ಹೊತ್ತ ಆ ಕರಿಯ ಸೈಕಲ್ಲುಗಳ ಬೆಸುಗೆ ಬಿಟ್ಟುಕೊಂಡದ್ದನ್ನು ನಾನು ಕಂಡಿಲ್ಲ. ಬೆಸೆಯುವ ಕೈ ನಮಗಿದೆ. ಹಗುರವೂ ದೃಢವೂ ಆದ ಚೌಕಟ್ಟನ್ನು ನಾವು ಆ ಕೈಯಿಂದ ಕೇಳಲಿಲ್ಲ. ಅಗ್ಗವಾಗಿರಲಿ, ಭಾರ ತಾಳಲಿ ಎಂದಷ್ಟೇ ಕೇಳುತ್ತ ಬಂದೆವು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನಲ್ಲಿದ್ದ ಅಟ್ಲಾಸ್ ಕಾರ್ಖಾನೆ ಬಾಗಿಲು ಮುಚ್ಚಿತು.

ಹುಡುಗನ ಕೈಯಲ್ಲಿದ್ದ ಹಣಕ್ಕೆ ನಾನು ಕೊಟ್ಟ ಸಲಹೆ ಹೀಗೆ: ಇಲ್ಲಿಯೇ ಬೆಸೆದ ಚೌಕಟ್ಟು ಸಿಕ್ಕಿ, ಅದರ ಬೆಸುಗೆ ಸಮನಾಗಿದ್ದು, ಮಾರುವವನು ಕಾರ್ಖಾನೆಯ ಹೆಸರನ್ನು ನಿಸ್ಸಂಕೋಚವಾಗಿ ಹೇಳಿ ಲಿಖಿತ ಹೊಣೆ ಕೊಟ್ಟರೆ, ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಪ್ಪ, ಸಿಗದಿದ್ದರೆ ತೈವಾನಿನದನ್ನು ಗೌರವದಿಂದ ಮನೆಗೆ ತಾ, ಬರಿಯ ಸ್ಟಿಕ್ಕರಿಗೆ ಮಾತ್ರ ದುಡ್ಡು ಕೊಡಬೇಡ.

ಆಮೇಲೆ ನನ್ನ ಬೈಕನ್ನು ಬುಡಮೇಲು ಮಾಡಿ, ಸೀಟನ್ನೂ ಹ್ಯಾಂಡಲನ್ನೂ ಹುಲ್ಲಿನ ಮೇಲೂರಿ ನಿಲ್ಲಿಸಿದೆವು. ಪೆಡಲಿನ ಅಚ್ಚು ಕೂರುವ ಕೊಳವೆಯ ತಳದಲ್ಲಿ ಒಣಗಿದ್ದ ಕೆಮ್ಮಣ್ಣನ್ನು ಅವನು ಟವೆಲಿನ ತುದಿಯಿಂದ ಒರೆಸಿದನು. ಚೌಕಟ್ಟಿನ ಸಂಖ್ಯೆ ಕಂಡಿತು; ಪಕ್ಕದಲ್ಲಿ ಅರ್ಧ ಅಳಿಸಿಹೋದ ಅಕ್ಷರಗಳಲ್ಲಿ ತೈವಾನ್ ಎಂಬುದಷ್ಟು ಓದಲು ಬಂತು. ಮೂರು ಕೊಳವೆಗಳು ಕೂಡುವಲ್ಲಿ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಒರಗಿದ ಬೆಸುಗೆಯ ಸಾಲನ್ನು ಅವನು ಹೆಬ್ಬೆರಳಿನಿಂದ ಅದುಮಿ, ಸವರಿ, ಸುತ್ತ ಒಂದು ಬಾರಿ ನೋಡಿ, ಮತ್ತೆ ಮೊದಲಿನಿಂದ ನೋಡಿದನು. ಬರುವ ಭಾನುವಾರ ಇಬ್ಬರೂ ಕೂಡಿ ಅಂಗಡಿಗೆ ಹೋಗುವುದೆಂದು ನಿಶ್ಚಯವಾಗಿದೆ. ಗೇರಿನ ಲೆಕ್ಕ ಅದಾದ ಮೇಲೆ.