ಭಂಡಾರಿಯ ರತ್ನಪರೀಕ್ಷೆ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಗೆ ಸೇರಿದ ತೆಕ್ಕಲಕೋಟೆಯ ಗುಡ್ಡಗಳಲ್ಲಿ ೧೯೬೩-೬೪ರಲ್ಲಿ ನಡೆದ ಉತ್ಖನನದಿಂದ ನವಶಿಲಾಯುಗದ ಜನವಸತಿಯೊಂದು ಬೆಳಕಿಗೆ ಬಂದಿತು. ಕಲ್ಲಿನ ಕೊಡಲಿಗಳೊಡನೆ ಅಲ್ಲಿ ದೊರೆತ ವಸ್ತುಗಳಲ್ಲಿ ಮಣಿಗಳೂ ಉಂಟು. ಅವುಗಳನ್ನು ರತ್ನವೆಂದು ಯಾರೂ ಕರೆಯಲಾರರು. ಮಣಿಯೆಂದು ಕರೆಯಲು ಯಾರೂ ಹಿಂಜರಿಯರು. ಕನ್ನಡದಲ್ಲಿ ಗಾಜಿನದೂ ಮಣಿಯೇ, ಆದಿಶೇಷನ ಹೆಡೆಯದೂ ಮಣಿಯೇ. ಅಥರ್ವವೇದದ ಮಣಿಗಳಾದರೋ ಮರದ ತುಂಡು, ಶಂಖ ಮೊದಲಾದ ರಕ್ಷೆಗಳು; ಅವುಗಳ ಪಾವಿತ್ರ್ಯವು ಬೆಲೆಯಿಂದ ಬಂದುದಲ್ಲ. ಮಣಿಯು ರತ್ನವಾಗುವುದು ಪರೀಕ್ಷೆಯಿಂದ. ಈ ಪರೀಕ್ಷೆಯ ಭಾವನೆಯನ್ನು ನೆನಪಿನಲ್ಲಿರಿಸದೆ ಓದಿದುದರಿಂದ, ನುಡಿಯು ಹೇಗಿರಬೇಕೆಂಬುದನ್ನು ಕುರಿತ ಬಸವಣ್ಣನವರ ಪ್ರಸಿದ್ಧ ವಚನಕ್ಕೆ ಸಲ್ಲತಕ್ಕ ನ್ಯಾಯವು ಸಂದಿಲ್ಲ.

ರತ್ನಗಳ ಉತ್ಪತ್ತಿಯ ವಿಷಯದಲ್ಲಿ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮೂರು ಮತಗಳನ್ನು ಹೇಳುತ್ತಾನೆ: ಬಲನೆಂಬ ದೈತ್ಯನಿಂದ ಹುಟ್ಟಿದುವೆಂದು ಕೆಲವರು, ದಧೀಚಿಯಿಂದ ಎಂದು ಕೆಲವರು, ಭೂಮಿಯ ಸ್ವಭಾವದಿಂದಲೇ ಎಂದು ಮತ್ತೆ ಕೆಲವರು. ಗರುಡಪುರಾಣವು ಮೊದಲನೆಯದನ್ನು ವಿಸ್ತರಿಸಿ, ದೈತ್ಯನ ಎಲುಬು ವಜ್ರವಾಯಿತು, ಹಲ್ಲು ಮುತ್ತಾಯಿತು, ರಕ್ತವು ಮಾಣಿಕ್ಯವಾಯಿತು, ಪಿತ್ತವು ಮರಕತವಾಯಿತು ಎನ್ನುತ್ತದೆ. ಕಥೆಯು ರಮ್ಯವಾದುದೇ ಸರಿ. ಆದರೆ ಪ್ರಕೃತಕ್ಕೆ ಬೇಕಾದುದು ವರಾಹಮಿಹಿರನ ಇನ್ನೊಂದು ಮಾತು: ಒಳ್ಳೆಯ ರತ್ನದಿಂದ ಅರಸನಿಗೆ ಶುಭ, ಕೆಟ್ಟುದರಿಂದ ಅಶುಭ, ಆದಕಾರಣ ಬಲ್ಲವರು ಅದನ್ನು ಪರೀಕ್ಷಿಸತಕ್ಕದ್ದು.

ಈ ವಿದ್ಯೆಯು ಕನ್ನಡನಾಡಿನ ಅರಮನೆಯಲ್ಲಿಯೂ ಬೆಳೆಯಿತು. ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ರತ್ನಗಳ ಗುಣದೋಷವಿಚಾರವು ಕೋಶವನ್ನು ಕುರಿತ ಅಧ್ಯಾಯದಲ್ಲಿ ಬರುತ್ತದೆ. ಎಂದರೆ ರತ್ನಪರೀಕ್ಷೆಯು ಭಂಡಾರಕ್ಕೆ ಸೇರಿದ ಕಾರ್ಯ. ತೆಕ್ಕಲಕೋಟೆಯ ನೆರೆಯ ಕುರುಗೋಡಿನಲ್ಲಿ ಆಳಿದ ಸಿಂದರು ಈ ಚಾಲುಕ್ಯರಿಗೇ ಸಾಮಂತರಾಗಿದ್ದವರು. ಅದೇ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು ಬಸವಣ್ಣನವರು. ಹಂಪೆಯ ಹರಿಹರನು ಬಸವರಾಜದೇವರ ರಗಳೆಯಲ್ಲಿ ಈ ಅಧಿಕಾರಪ್ರಾಪ್ತಿಯನ್ನು ಸ್ವಾರಸ್ಯವಾಗಿ ವರ್ಣಿಸಿದ್ದಾನೆ. ಮುತ್ತು ಮಾಣಿಕ್ಯಗಳು ಇವರಿಗೆ ಕವಿಸಮಯದ ಮಾತುಗಳು ಮಾತ್ರವಾಗಿದ್ದಿರಲಾರವು.

ವಚನದ ಮೂರು ಉಪಮಾನಗಳು ಮುತ್ತಿನ ಹಾರ, ಮಾಣಿಕ್ಯದ ಕಾಂತಿ, ಸ್ಫಟಿಕದ ಶಲಾಕೆ. ಅನಂತರ ಲಿಂಗದ ಮೆಚ್ಚುಗೆ. ಕಡೆಯಲ್ಲಿ ನಡೆಯ ಮಾತು. ಮೂರು ಉಪಮಾನಗಳಿಗೂ ‘ಸವಿನುಡಿ’ ಎಂಬ ಒಂದೇ ಅರ್ಥವನ್ನು ಹೇಳಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಹಾಗಿದ್ದಲ್ಲಿ ಒಂದೇ ಸಾಕಾಗಿತ್ತು, ಉಳಿದೆರಡು ಪುನರುಕ್ತಿಯೆನಿಸಬೇಕಾಗುತ್ತಿತ್ತು. ವಾಸ್ತವವಾಗಿ ಇಲ್ಲಿ ಮೂರು ಬೇರೆ ಬೇರೆ ಪರೀಕ್ಷೆಗಳಿವೆ. ಹಾರದಲ್ಲಿ ನೋಡತಕ್ಕದ್ದು ಪೋಣಿಕೆ: ಮುತ್ತು ಮುತ್ತಿಗೂ ಹೊಂದಿಕೆಯಿರಬೇಕು, ದಾರ ಕಾಣಬಾರದು, ಕಡಿಯಲೂ ಬಾರದು. ಮಾಣಿಕ್ಯದಲ್ಲಿ ನೋಡತಕ್ಕದ್ದು ಒಳಗಿನಿಂದ ಹೊಮ್ಮುವ ಬಣ್ಣ. ಸ್ಫಟಿಕದಲ್ಲಿಯಾದರೋ ತನ್ನದೆಂಬ ಬಣ್ಣವೇ ಇರಬಾರದು. ದಾಸವಾಳದ ಹೂವಿನ ಬಳಿಯಿಟ್ಟ ಸ್ಫಟಿಕವು ಕೆಂಪಾಗಿ ತೋರುವ ದೃಷ್ಟಾಂತವು ನಮ್ಮ ದರ್ಶನಗ್ರಂಥಗಳಲ್ಲಿ ಸುಪರಿಚಿತವಾದುದು. ಹೀಗೆ ನುಡಿಯು ಮೊದಲು ಅಡಕವಾಗಬೇಕು, ಬಳಿಕ ಬೆಳಗಬೇಕು, ಕಡೆಗೆ ತಾನು ಅಡ್ಡವಾಗದೆ ಬೆಳಕನ್ನು ಹಾಯಗೊಡಬೇಕು. ಕ್ರಮವನ್ನು ತಿರುವುಮುರುವು ಮಾಡಿದರೆ ವಚನವು ಕೆಡುತ್ತದೆ.

‘ಶಲಾಕೆ’ ಎಂಬ ಮಾತನ್ನೂ ಲಘುವಾಗಿ ಎಣಿಸಬಾರದು. ಕಣ್ಣಿಗೆ ಅಂಜನವನ್ನು ಹಚ್ಚುವ ಕಡ್ಡಿಗೂ ಇದೇ ಹೆಸರು. ಅಜ್ಞಾನದ ಕತ್ತಲೆಯಿಂದ ಕುರುಡಾದವನ ಕಣ್ಣನ್ನು ಗುರುವು ಇದರಿಂದ ತೆರೆಯಿಸುತ್ತಾನೆಂಬುದು ಪ್ರಸಿದ್ಧ ರೂಪಕ. ಈ ಅರ್ಥವನ್ನು ವಚನದ ಮೇಲೆ ಬಲವಂತವಾಗಿ ಹೊರಿಸಬೇಕಾಗಿಲ್ಲ, ಧ್ವನಿಯಾಗಿ ಕೇಳಿಸಿದರೆ ಸಾಕು.

ಗ್ರಹಗಳಿಗೆ ಹೊಂದಿಸಿದ ನವರತ್ನಗಳಲ್ಲಿ ಮುತ್ತು ಚಂದ್ರನದು, ಮಾಣಿಕ್ಯ ಸೂರ್ಯನದು. ಸ್ಫಟಿಕಕ್ಕೆ ಆ ಒಂಬತ್ತರಲ್ಲಿ ಸ್ಥಾನವಿಲ್ಲ. ವಚನವು ಗ್ರಹಗಳನ್ನು ದಾಟಿ ನಡೆಯುತ್ತದೆಂದು ಇದರಿಂದ ಸಾಧಿಸಹೊರಡುವುದು ಅತಿವ್ಯಾಖ್ಯಾನವೇ ಆದೀತು. ಆದರೆ ಪೂಜೆಯಲ್ಲಿ ಸ್ಫಟಿಕಕ್ಕಿರುವ ಸ್ಥಾನವು ಬೇರೆ. ಶೃಂಗೇರಿಯ ಪೀಠದಲ್ಲಿ ಪೂಜೆಗೊಳ್ಳುವ ಚಂದ್ರಮೌಳೀಶ್ವರನು ಸ್ಫಟಿಕಲಿಂಗ. ಜೈನರಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯು ರತ್ನಬಿಂಬಗಳಿಂದ ಹೆಸರಾದುದು. ಮುತ್ತು ಮಾಣಿಕ್ಯಗಳು ದೇವರ ಮೈಮೇಲಿನ ಒಡವೆಗಳಾದರೆ, ಸ್ಫಟಿಕವು ದೇವರ ಮೈಯೇ ಆಗಬಲ್ಲದು. ಆದುದರಿಂದ ಸ್ಫಟಿಕದ ಬೆನ್ನಿಗೇ ಲಿಂಗವು ಬರುವುದು ಆಕಸ್ಮಿಕವಾಗಿ ತೋರುವುದಿಲ್ಲ. ವಚನದ ರಚನೆಯಲ್ಲಿ ಅತ್ಯಂತ ಬಿಗಿಯಾದ ಸಂಧಿಯು ಇದೇ.

ಕೃಷ್ಣದೇವರಾಯನು ೧೫೦೯-೧೦ರಲ್ಲಿ, ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ, ವಿರೂಪಾಕ್ಷದೇವರಿಗೆ ನವರತ್ನಖಚಿತವಾದ ಹೊಂದಾವರೆಯನ್ನೂ ನಾಗಾಭರಣವನ್ನೂ ಅರ್ಪಿಸಿದನೆಂದು ಹಂಪೆಯ ಶಾಸನದಿಂದ ತಿಳಿದುಬರುತ್ತದೆ. ಅಲ್ಲಿ ದೇವರು ರತ್ನವನ್ನು ಸ್ವೀಕರಿಸುವವನು. ಆ ಭಕ್ತಿಯನ್ನು ಹಗುರವಾಗಿ ಕಾಣಲು ಕಾರಣವಿಲ್ಲ. ವಚನದಲ್ಲಿಯಾದರೋ ದೇವರು ಸ್ವೀಕರಿಸುವವನಲ್ಲ, ಪರೀಕ್ಷಕನು; ಆತನ ಮುಂದಿಟ್ಟಿರುವುದು ಬೆಲೆಕಟ್ಟಲು ಬಾರದ ಉಸಿರು.

ಎರಡು ಶತಮಾನಗಳ ಹಿಂದೆ, ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನು ಶೇಷನ ಹೆಡೆಯ ರತ್ನಕ್ಕೆ ತನ್ನ ಕೃತಿಯನ್ನು ಸರಿಗಟ್ಟಿ, ಅದನ್ನು ಪರೀಕ್ಷಿಸಬರುವವನ ಎದೆಗಾರಿಕೆಯನ್ನೇ ಕೆಣಕಿದ್ದನು. ‘ರನ್ನ’ವೆಂಬುದು ‘ರತ್ನ’ದ ತದ್ಭವವಾದುದರಿಂದ ಆ ಗರ್ವಕ್ಕೆ ಶ್ಲೇಷದ ಸೊಗಸೂ ಕೂಡಿಬಂದಿತು. ಆತನಲ್ಲಿ ಅಂಜಬೇಕಾದವನು ಪರೀಕ್ಷಕ. ಬಸವಣ್ಣನವರಲ್ಲಿ ಅಂಜಿಕೆಯು ನುಡಿದವನ ಪಾಲಿಗೆ ಬಂದಿದೆ. ಲಿಂಗವು ತಲೆದೂಗಿದ ಮೇಲೆ ವಚನವು ಮುಗಿಯಬಹುದಾಗಿತ್ತು, ಮುಗಿಯಲಿಲ್ಲ. ನಡೆಯು ನುಡಿಗೆ ಒಳಪಡದಿದ್ದ ಪಕ್ಷದಲ್ಲಿ ಏನೆಂಬ ಪ್ರಶ್ನೆಯು ಮೆಚ್ಚಿಗೆ ಪಡೆದ ರತ್ನವನ್ನು ಮತ್ತೆ ಪರೀಕ್ಷೆಗೆ ತರುತ್ತದೆ. ಆ ಪ್ರಶ್ನೆಯನ್ನು ಬೇರೆಯಾದ ನೀತಿವಾಕ್ಯವೆಂದು ಬಿಡಿಸಿ ಬೋಧಿಸಿದರೆ ಮೇಲಿನ ಮೂರು ಉಪಮೆಗಳು ಬರಿಯ ಒಡವೆಗಳಾಗಿ ಉಳಿಯುತ್ತವೆ.